ತೂಗದೆ ಹೆಸರಿಡಬೇಡಿ

ಸ್ಟಾಫ್ ರೂಮಿನಲ್ಲಿ ಕರೆಂಟು ಹೋದರೆ ನಾವೆಲ್ಲ ತಲೆಯೆತ್ತಿ ಫ್ಯಾನು ನೋಡುತ್ತಿದ್ದೆವು. ಫಿಸಿಕ್ಸ್ ಮೇಡಂ ಒಬ್ಬರು ಮಾತ್ರ ಎದ್ದು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ರಸ್ತೆಯ ಆಚೆ ಒಂದು ಜೆರಾಕ್ಸ್ ಅಂಗಡಿ. ಅಲ್ಲಿ ದೀಪ ಉರಿಯುತ್ತಿದ್ದರೆ, "ನಮ್ದೇ ಫ್ಯೂಸು ಸಾರ್, ಪಾಪ ಲೈನ್‌ಮನ್‌ಗೆ ಬೈಬೇಡಿ" ಎನ್ನುವರು. ಅಲ್ಲೂ ಇಲ್ಲದಿದ್ದರೆ ಸುಮ್ಮನೆ ಬಂದು ಕೂತು ಹಾಜರಿ ಪುಸ್ತಕದಿಂದ ಗಾಳಿ ಹಾಕಿಕೊಳ್ಳುವರು.

"ನನ್ನ ಸಂಶೋಧನೆ ಅಂದ್ರೆ ಇಷ್ಟೇ ಸಾರ್" ಎಂದು ಒಮ್ಮೆ ನನಗೆ ಹೇಳಿದ್ದರು. "ಒಂದು ನಕ್ಷತ್ರ ಮಂಕಾಯ್ತು ಅಂದ್ರೆ ಮೊದ್ಲು ಪಕ್ಕದ್ಮನೆ ನಕ್ಷತ್ರ ನೋಡ್ಬೇಕು. ಅದೂ ಮಂಕಾಗಿದ್ರೆ ತಪ್ಪು ನಮ್ ಕ್ಯಾಮೆರಾದ್ದು. ಅದು ನೆಟ್ಟಗೆ ಉರೀತಿದ್ದು ಇದೊಂದೇ ಮಂಕಾದ್ರೆ, ಆಗ ಕೂತು ವಿಚಾರಿಸ್ಬೇಕು."

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಅಚ್ಚು ಹಾಕಿಸಿ ನಾನು ಮಾಡಿದ ಉಪಕಾರ ಸಾಕು. ಮದ್ದೂರಿನ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ, ನಾನು ಕನ್ನಡ. ಹುಡುಗರು ಅವರನ್ನು ಫಿಸಿಕ್ಸ್ ಮೇಡಂ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಬೆಳಿಗ್ಗೆ ನಾನು ಮಳವಳ್ಳಿಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಜಾಗ ಹಿಡಿದರೆ, ಅವರು ಚಿಕ್ಕರಸಿನಕೆರೆ ಕಡೆಯಿಂದ ಬಂದು ದಾರಿಯಲ್ಲಿ ಹತ್ತುತ್ತಿದ್ದರು. ಹತ್ತಿದ ಕೂಡಲೇ ಬ್ಯಾಗಿನಿಂದ ಒಂದು ಮಡಿಸಿದ ಹಾಳೆ ತೆಗೆಯುವರು. ಅದರ ತುಂಬ ಚುಕ್ಕಿಗಳು. ಎಡಗಡೆಯಿಂದ ಬಲಗಡೆಗೆ ನೆಟ್ಟಗೆ ಸಾಲು ಹೋಗುತ್ತಿದ್ದ ಚುಕ್ಕಿಗಳು ಒಂದು ಕಡೆ ಸ್ವಲ್ಪ ತಗ್ಗಾಗಿ ಮತ್ತೆ ಮೇಲೇಳುತ್ತಿದ್ದವು. ಆ ತಗ್ಗನ್ನು ಅವರು ಮದ್ದೂರು ಬರುವವರೆಗೂ ನೋಡುತ್ತಿದ್ದರು. ನೋಡಿ ನೋಡಿ ನನಗೇ ಬೇಜಾರಾಗುತ್ತಿತ್ತು.

ನಕ್ಷತ್ರ ನೋಡುವವರೆಂದರೆ ರಾತ್ರಿಯೆಲ್ಲ ಮಹಡಿ ಮೇಲೆ ದೂರದರ್ಶಕ ಇಟ್ಟುಕೊಂಡು ಕೂರುತ್ತಾರೆ ಎಂದು ನಾನು ತಿಳಿದಿದ್ದೆ. ಇವರು ಎಂಟೂವರೆಗೆ ಊಟ ಮುಗಿಸಿ ಮಲಗಿಬಿಡುತ್ತಿದ್ದರಂತೆ. ಅವರ ಕೆಲಸ ನಡೆಯುತ್ತಿದ್ದುದು ಹಗಲು ಮೂರು ಗಂಟೆಗೆ, ಪ್ರಾಕ್ಟಿಕಲ್ ಮುಗಿದ ಮೇಲೆ, ಲ್ಯಾಬಿನ ಮೂಲೆಯ ಹಳೇ ಕಂಪ್ಯೂಟರಿನಲ್ಲಿ. ಭೂಮಿಯ ಆಚೆ ತಿರುಗುವ ದೂರದರ್ಶಕವೊಂದು ಲಕ್ಷಾಂತರ ನಕ್ಷತ್ರಗಳ ಬೆಳಕನ್ನು ಅಳೆದು ಕಳಿಸುತ್ತದಂತೆ. ಅದನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳಬಹುದು. ದೊಡ್ಡ ದೊಡ್ಡವರು ಕಂಪ್ಯೂಟರಿಗೆ ಹಚ್ಚಿ ಜರಡಿ ಹಿಡಿದು ಬಿಟ್ಟದ್ದನ್ನು ಇವರು ಕಣ್ಣಲ್ಲಿ ಮತ್ತೊಮ್ಮೆ ಜರಡಿ ಹಿಡಿಯುತ್ತಿದ್ದರು, ನಮ್ಮ ಮನೆಗಳಲ್ಲಿ ಅಕ್ಕಿ ಆರಿಸುವ ಹಾಗೆ. ಹೀಗೆ ಎಷ್ಟು ವರ್ಷ ಆರಿಸಿದರೋ! ಅದರಿಂದ ಬಡ್ತಿ ಬರಲಿಲ್ಲ, ಯಾರೂ ಏನು ಮಾಡುತ್ತೀರಿ ಎಂದು ಕೇಳಲೂ ಇಲ್ಲ.

"ಏನು ಹುಡುಕ್ತಿದ್ದೀರಿ ಮೇಡಂ, ಕಳೆದುಹೋಗಿದ್ದು ಏನು?" ಎಂದು ನಾನು ರೇಗಿಸುತ್ತಿದ್ದೆ.

"ಅಡ್ಡ ಬರೋರನ್ನ" ಎನ್ನುವರು. ಜಗುಲಿಯ ಬಲ್ಬಿನ ಮುಂದೆ ಒಂದು ಹುಳ ಹಾದರೆ ಬೆಳಕು ಕೂದಲೆಳೆಯಷ್ಟು ಕಮ್ಮಿಯಾಗುತ್ತದಲ್ಲ, ಹಾಗೆ ನಕ್ಷತ್ರದ ಮುಂದೆ ಅದರದೇ ಸುತ್ತ ತಿರುಗುವ ಕಾಯವೊಂದು ಹಾದರೆ ಬೆಳಕು ನೂರರಲ್ಲಿ ಒಂದು ಪಾಲೋ ಅದಕ್ಕೂ ಕಮ್ಮಿಯೋ ಇಳಿಯುತ್ತದೆ. ಲೆಕ್ಕ ಹಾಕಿದ ಹಾಗೆ ಇಷ್ಟಿಷ್ಟು ದಿನಕ್ಕೊಮ್ಮೆ ಇಳಿಯುತ್ತದೆ. ಎಷ್ಟು ಇಳಿಯಿತು ಎನ್ನುವುದರಿಂದ ಅಡ್ಡ ಬಂದದ್ದು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಆದರೆ ದೊಡ್ಡದು ಎಂದು ತಿಳಿದ ಮಾತ್ರಕ್ಕೆ ಅದು ಏನು ಎಂದು ತಿಳಿಯುವುದಿಲ್ಲ. ಈ ಕೊನೆಯ ಮಾತನ್ನು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ, ಕೇಳಿ ಕೇಳಿ ನನ್ನ ಕಿವಿಗೆ ಅದು ಬಸ್ಸಿನ ಸದ್ದಿನಂತಾಗಿ ಹೋಗಿತ್ತು. ನನ್ನ ಗ್ರಹಚಾರ ಅಲ್ಲಿಂದಲೇ ಶುರುವಾದದ್ದು.

ತರಗತಿಗೆ ಅವರು ಒಂದೇ ಅಳತೆಯ ಎರಡು ಡಬ್ಬಿ ಒಯ್ಯುತ್ತಿದ್ದರು. ಮುಚ್ಚಳ ಭದ್ರ. ಮೇಜಿನ ಮೇಲಿಟ್ಟು, "ಯಾವುದರಲ್ಲಿ ಏನಿದೆ ಹೇಳ್ರಪ್ಪ" ಎನ್ನುವರು. ಹುಡುಗರು ಬಾಯಿಗೆ ಬಂದದ್ದು ಹೇಳುವರು. ಆಮೇಲೆ ಒಬ್ಬನನ್ನು ಕರೆದು ಎತ್ತಿಸುವರು. ಒಂದರಲ್ಲಿ ಕಡ್ಲೆಪುರಿ, ಇನ್ನೊಂದರಲ್ಲಿ ಅಚ್ಚುಬೆಲ್ಲ. "ನೋಡಿದ್ರಲ್ಲ? ಕಣ್ಣು ಗಾತ್ರ ಹೇಳುತ್ತೆ, ತೂಕ ಹೇಳಲ್ಲ. ತೂಗದೆ ಹೆಸರಿಡಬೇಡಿ." ಪಾಠ ಮುಗಿದ ಮೇಲೆ ಎರಡು ಡಬ್ಬಿಯನ್ನೂ ಹುಡುಗರೇ ಖಾಲಿ ಮಾಡುತ್ತಿದ್ದರು. ಪಕ್ಕದ ತರಗತಿಯಲ್ಲಿ ಹಳಗನ್ನಡ ಹೇಳುತ್ತಿದ್ದ ನನಗೆ ಆ ಕಡ್ಲೆಪುರಿಯ ಗಲಾಟೆ ಕೇಳಿ ಮೈ ಉರಿಯುತ್ತಿತ್ತು.

ಇದು ಅವರಿಗೆ ಅಪ್ಪನಿಂದ ಬಂದದ್ದು. ಅವರ ತಂದೆ ಕಬ್ಬು ಬೆಳೆಯುವವರು. ಎತ್ತಿನ ಗಾಡಿಗಳ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿ ಸಾಲು ನಿಂತಾಗ, ಯಾರ ಗಾಡಿ ಎಷ್ಟು ತೂಗುತ್ತದೆ ಎಂದು ಬಾಜಿ ಕಟ್ಟುವುದು ಅಲ್ಲಿಯವರ ಕಾಲಕ್ಷೇಪ. ನಿನ್ನೆ ಕಡಿದ ಕಬ್ಬೂ ಒಂದೇ ಎತ್ತರ, ನಾಲ್ಕು ದಿನ ಬಿಸಿಲಲ್ಲಿ ಒಣಗಿದ ಕಬ್ಬೂ ಒಂದೇ ಎತ್ತರ. ತೂಕ ಮಾತ್ರ ಬೇರೆ. ಇವರ ತಂದೆ ಒಮ್ಮೆಯೂ ಬಾಜಿಗೆ ಬಾಯಿ ಹಾಕುತ್ತಿರಲಿಲ್ಲವಂತೆ. "ಕಣ್ಣಲ್ಲಿ ತೂಗಂಗಿದ್ರೆ ಅವ್ರು ಅಷ್ಟ್ ದೊಡ್ ತಕ್ಡಿ ಯಾಕ್ ಹೂಳೋರು ನೆಲ್ದಲ್ಲಿ?" ಎನ್ನುತ್ತಿದ್ದರಂತೆ. ಚಿಕ್ಕಂದಿನಲ್ಲಿ ಕಬ್ಬಿನ ಗಾಡಿಯ ಮೇಲೆ ಕೂತು ಹೋಗಿ ಈ ಮಾತು ಕೇಳಿಸಿಕೊಂಡ ಮಗಳು ಅದನ್ನೇ ಆಕಾಶಕ್ಕೆ ಹಚ್ಚಿದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಟೈಮ್‌ಟೇಬಲ್ಲಲ್ಲಿ ಇರ್ಲಿಲ್ಲ ಕಣ್ರಿ" ಎಂದು ನಕ್ಕುಬಿಡುತ್ತಿದ್ದರು. ಅಪ್ಪ, ತಮ್ಮ, ತಮ್ಮನ ಹೆಂಡತಿ ಮಕ್ಕಳು ತುಂಬಿದ ಮನೆಯಲ್ಲೇ ಕೊನೆಯವರೆಗೂ ಇದ್ದರು.

ಇನ್ನು ನನ್ನ ವಿಷಯ. ಕಾಲೇಜು ಪತ್ರಿಕೆಗೆ ನಾನೇ ಸಂಪಾದಕ. ನನ್ನ ಕೆಂಪು ಪೆನ್ಸಿಲ್ಲಿಗೆ ಆ ಕಾಲೇಜಿನಲ್ಲಿ ಹೆಸರಿತ್ತು. ಯಾರು ಏನು ಬರೆದು ತಂದರೂ ಅರ್ಧ ಹೊಡೆದುಹಾಕಿ, "ಈಗ ಓದಿ, ಎಷ್ಟು ಚೆನ್ನಾಗಾಯ್ತು" ಎನ್ನುತ್ತಿದ್ದೆ. ಪ್ರಾಂಶುಪಾಲರ ಸ್ವಾಗತ ಭಾಷಣವನ್ನೂ ಬಿಟ್ಟವನಲ್ಲ. ಅಹಂಕಾರ ಎಂದರೆ ಅಹಂಕಾರವೇ, ಈಗ ಒಪ್ಪಿಕೊಳ್ಳಲಿಕ್ಕೆ ಏನು?

ಒಂದು ದಿನ ಮಧ್ಯಾಹ್ನ ಅವರು ಲ್ಯಾಬಿನಿಂದ ನೇರ ನನ್ನ ಹತ್ತಿರ ಬಂದರು. ಮುಖ ಕೆಂಪಗಾಗಿತ್ತು. "ಸಾರ್, ಒಂದು ಸಿಕ್ಕಿದೆ. ಯಾರೂ ಗುರುತು ಹಾಕಿಲ್ಲ. ಪಕ್ಕದ್ಮನೇದೆಲ್ಲ ನೋಡ್ಬಿಟ್ಟೆ, ಎಲ್ಲ ನೆಟ್ಟಗೆ ಉರೀತಾವೆ. ಇದೊಂದೇ ಮಂಕಾಗ್ತಿದೆ, ಗಡಿಯಾರ ಇಟ್ಟಂಗೆ." ವಿದೇಶದ ಒಂದು ವಿಜ್ಞಾನಿಗಳ ತಂಡಕ್ಕೆ ಬರೆದಿದ್ದರು. ಅವರು ಪರೀಕ್ಷಿಸಿ, ಹೌದು, ಗುರುಗ್ರಹದಷ್ಟು ದೊಡ್ಡದೊಂದು ಅಡ್ಡ ಹಾಯುತ್ತಿದೆ, ಬೆಟ್ಟದ ಮೇಲಿನ ನಮ್ಮ ದೊಡ್ಡ ದೂರದರ್ಶಕದಲ್ಲಿ ತೂಗಿ ನೋಡುತ್ತೇವೆ, ನಿಮ್ಮ ಹೆಸರೂ ಲೇಖನದಲ್ಲಿರುತ್ತದೆ ಎಂದು ಉತ್ತರಿಸಿದ್ದರು.

ಅಷ್ಟು ದೂರದ್ದನ್ನು ತೂಗುವುದು ಹೇಗೆ ಎಂದು ಕೇಳಿದೆ. ಅದಕ್ಕೂ ಅವರ ಹತ್ತಿರ ಮನೆಮಾತೇ ಇತ್ತು. "ಸೋದರಮಾವ ಮಗೂನ ಎರಡು ಕೈ ಹಿಡ್ದು ಗಿರಗಿರ ತಿರುಗಿಸ್ತಾನಲ್ಲ ಸಾರ್, ಆಗ ಅವ್ನೂ ಹಿಂದಕ್ಕೆ ವಾಲ್ಬೇಕು. ಮಗು ಸಣ್ಣದಾದ್ರೆ ಸ್ವಲ್ಪ ವಾಲ್ತಾನೆ, ದಢೂತಿಯಾದ್ರೆ ಜಾಸ್ತಿ ವಾಲ್ತಾನೆ. ಮಗು ಕಾಣ್ದಿದ್ರೂ ಮಾವ ಎಷ್ಟು ವಾಲ್ದ ಅನ್ನೋದ್ರಲ್ಲೇ ತೂಕ ಸಿಗುತ್ತೆ."

ಮಂಡ್ಯದ ಪತ್ರಿಕೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿ ವರದಿಗಾರನಾಗಿದ್ದ. ನಾನೇ ಮುಂದೆ ಬಿದ್ದು ಫೋನು ಮಾಡಿದೆ. "ಒಂದು ಕಾಲಂ ಕೊಡ್ತೀನಿ ಸಾರ್, ಅಷ್ಟ್ರಲ್ಲಿ ಮುಗೀಬೇಕು" ಎಂದ. ಮೇಡಂ ಅರ್ಧ ಪುಟ ಬರೆದುಕೊಟ್ಟರು. ಅದರ ಕೊನೆಯಲ್ಲಿ ಎರಡು ಸಾಲು. "ಸದ್ಯಕ್ಕೆ ಇದರ ಗಾತ್ರ ಮಾತ್ರ ಗೊತ್ತಾಗಿದೆ, ತೂಕ ಗೊತ್ತಾಗಿಲ್ಲ. ತೂಗುವವರೆಗೆ ಇದನ್ನು ಗ್ರಹವೆಂದು ಯಾರೂ ಕರೆಯಬಾರದು." ನಾನು ಓದಿದೆ. ಸುದ್ದಿಯನ್ನು ಕೊಟ್ಟು ಕೊನೆಗೆ ಕಿತ್ತುಕೊಂಡ ಹಾಗಿದೆ ಎನಿಸಿತು. ಜಾಗವೂ ಇರಲಿಲ್ಲ ಎಂಬ ನೆಪವಿತ್ತು. ಕೆಂಪು ಪೆನ್ಸಿಲ್ ಎಳೆದೆ. ಬರೆದವರನ್ನು ಒಂದು ಮಾತು ಕೇಳಲಿಲ್ಲ.

"ಮದ್ದೂರಿನ ಉಪನ್ಯಾಸಕಿಯಿಂದ ಹೊಸ ಗ್ರಹ ಪತ್ತೆ" ಎಂದು ಫೋಟೋ ಸಮೇತ ಬಂತು. ಮರುದಿನ ಬಸ್ಸಿನಲ್ಲಿ ಅವರು ಪತ್ರಿಕೆಯನ್ನು ಎರಡು ಸಲ ಓದಿ ಮಡಿಸಿದರು. "ಒಂದು ತಿದ್ದುಪಡಿ ಹಾಕಿಸೋಕಾಗುತ್ತಾ ಸಾರ್?" ಎಂದರು. "ನೋಡೋಣ, ಫೋನ್ ಮಾಡ್ತೀನಿ" ಎಂದೆ. ಮಾಡಲಿಲ್ಲ. ಮಾಡಿದರೆ ಹೊಡೆದುಹಾಕಿದ್ದು ನಾನೇ ಎಂದು ಹೇಳಬೇಕಾಗುತ್ತಿತ್ತು. ಅವರು ಮತ್ತೊಮ್ಮೆ ಕೇಳಿದರು, ನಾನು ಮತ್ತೊಮ್ಮೆ ನೋಡೋಣ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ.

ನಮ್ಮ ಜಿಲ್ಲೆಯವರ ಅಭಿಮಾನ ಗೊತ್ತಲ್ಲ! ಮಂಡ್ಯದ ಒಂದು ಸಂಘ ಸನ್ಮಾನ ಇಟ್ಟುಕೊಂಡಿತು. ಮೇಡಂ ಬೇಡವೆಂದರು, ಇನ್ನೂ ತೂಕ ಬಂದಿಲ್ಲ ಎಂದರು. ಪ್ರಾಂಶುಪಾಲರು ಬಿಡಲಿಲ್ಲ. ಲ್ಯಾಬಿಗೆ ಹೊಸ ಕಂಪ್ಯೂಟರು ಕೊಡಿಸುತ್ತೇವೆ ಎಂದು ಸಂಘದವರು ಮಾತು ಕೊಟ್ಟಿದ್ದರು. ಸಭಾಂಗಣದ ಬಾಗಿಲಿಗೆ ಆಳೆತ್ತರದ ಫ್ಲೆಕ್ಸು, "ಗ್ರಹ ಕಂಡ ಮಂಡ್ಯದ ಮಗಳು". ಮೊದಲ ಸಾಲಿನಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಅವರ ತಂದೆ. ಅವರ ಹಿಂದೆ ಊರಿನಿಂದ ಟೆಂಪೋ ಮಾಡಿಕೊಂಡು ಬಂದವರು.

ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡಬೇಕು ಎನ್ನುವಷ್ಟರಲ್ಲಿ ಅವರು ಮೈಕಿನ ಮುಂದೆ ಹೋದರು.

"ಮೊನ್ನೆ ತೂಕ ಬಂತು" ಎಂದರು. "ಗುರುಗ್ರಹಕ್ಕಿಂತ ಹತ್ತಾರು ಪಟ್ಟು ಭಾರ. ಗಾತ್ರ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಇಷ್ಟು ಭಾರದ್ದನ್ನ ಗ್ರಹ ಅನ್ನಲ್ಲ. ನಕ್ಷತ್ರ ಅನ್ನೋಕೂ ಸಾಲಲ್ಲ, ಒಳಗೆ ನಕ್ಷತ್ರಕ್ಕಿರೋ ಒಲೆ ಹತ್ತೋದಿಲ್ಲ. ಕಂದು ಕುಬ್ಜ ಅಂತಾರೆ. ಹಿಂಗೆ ನಕ್ಷತ್ರದ ಮುಂದೆ ಅಡ್ಡ ಬರೋ ಕಂದು ಕುಬ್ಜಗಳು ಗ್ರಹಗಳಿಗಿಂತ ಅಪರೂಪ, ಅದಕ್ಕೇ ನಂಗೆ ಸಂತೋಷ. ಆದ್ರೆ ಗ್ರಹ ಅಂತ ಪೇಪರಲ್ಲಿ ಬಂದಿದ್ದು ತಪ್ಪು. ತಪ್ಪು ನಂದು. ಕಬ್ಬು ಬೆಳೆಯೋರ ಮನೆ ಮಗಳಾಗಿ ಗಾತ್ರ ನೋಡಿ ಹೆಸರು ಹೇಳ್ಬಿಟ್ಟೆ, ಕ್ಷಮಿಸಿ."

ನಾನು ವೇದಿಕೆಯ ಮೇಲೇ ಇದ್ದೆ. ಅಭಿನಂದನಾ ಭಾಷಣ ನನ್ನದೇ ಆಗಿತ್ತು. ಎರಡು ಹೆಜ್ಜೆ ಇಟ್ಟು ಮೈಕು ಹಿಡಿದಿದ್ದರೆ ಮುಗಿದುಹೋಗುತ್ತಿತ್ತು. ನಾನು ಕೂತಲ್ಲೇ ಕೂತೆ. ಥೂ, ಈಗ ನೆನೆದರೂ ಹೇಸಿಗೆಯಾಗುತ್ತದೆ. ಸಭೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು, ಯಾರೋ "ಅಂಗಾದ್ರೆ ಗ್ರಹ ಅಲ್ವಂತಾ?" ಎಂದರು. ಮೊದಲ ಸಾಲಿನ ಆ ಹಿರಿಯರು ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದರು.

ಅವರು ಆಮೇಲೂ ಅದೇ ಬಸ್ಸು ಹತ್ತಿದರು, ಅದೇ ಹಾಳೆ ತೆಗೆದರು. ನನ್ನ ಜೊತೆ ಮಾತು ಬಿಡಲಿಲ್ಲ, ಮುಖ ದಪ್ಪ ಮಾಡಿಕೊಳ್ಳಲಿಲ್ಲ. ಒಂದೇ ಒಂದು ಸಲ ಸಿಟ್ಟು ಮಾಡಿದ್ದು ನೋಡಿದೆ, ಅದೂ ನನ್ನ ಮೇಲಲ್ಲ. ಯಾವುದೋ ವಾರಪತ್ರಿಕೆಯಲ್ಲಿ ಕಂದು ಕುಬ್ಜವನ್ನು ಫೇಲಾದ ನಕ್ಷತ್ರ ಎಂದು ಬರೆದಿದ್ದರು. "ಫೇಲ್ ಅಂತೆ! ಅದು ಯಾವ ಪರೀಕ್ಷೆಗೆ ಕೂತಿತ್ತು ಸಾರ್?" ಎಂದು ಮೇಜು ಬಡಿದರು. ಎರಡು ಸಲ ಗಣಿತದಲ್ಲಿ ನಪಾಸಾಗಿ ಮತ್ತೆ ಬಂದ ಹುಡುಗಿಯೊಬ್ಬಳು ಆಗ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಒಳಗೆ ಕರೆದು ಒಂದು ಗಂಟೆ ಲೆಕ್ಕ ಹೇಳಿಕೊಟ್ಟರು.

ಸುಮಾರು ಒಂದು ವರ್ಷದ ಮೇಲೆ ಆ ತಂಡದ ಲೇಖನ ಹೊರಬಂತು. ಅಷ್ಟೊಂದು ಹೆಸರುಗಳ ನಡುವೆ ನಮ್ಮ ಕಾಲೇಜಿನ ಹೆಸರು, ಅವರ ಹೆಸರು. ಕಾಲೇಜು ಪತ್ರಿಕೆಗೆ ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು, ಹೊರಟವರು ಬಾಗಿಲಲ್ಲಿ ನಿಂತರು.

"ಈ ಸಲ ಒಂದ್ ಸಾಲೂ ಹೊಡೀಬೇಡಿ ಸಾರ್" ಎಂದರು. ನಗುತ್ತಲೇ ಅಂದರು. ಅವರಿಗೆ ಎಲ್ಲ ಗೊತ್ತಿತ್ತು, ಮೊದಲ ದಿನದಿಂದಲೂ. ನಾನು "ಆಯ್ತು ಮೇಡಂ" ಎಂದೆ. ಕ್ಷಮಿಸಿ ಎಂಬ ಮೂರಕ್ಷರ ಕನ್ನಡ ಮೇಷ್ಟರ ಬಾಯಿಗೆ ಬರಲಿಲ್ಲ. ನಿವೃತ್ತಿಯಾಗುವಾಗ ಹೇಳೋಣ ಎಂದುಕೊಂಡೆ. ಅವರ ಬೀಳ್ಕೊಡುಗೆಯ ದಿನ ಜನ ಜಾಸ್ತಿ ಇದ್ದರು, ಆಮೇಲೆ ಮನೆಗೇ ಹೋಗಿ ಹೇಳೋಣ ಎಂದುಕೊಂಡೆ.

ಮನೆಗೆ ಹೋದೆ. ಹೋದ ಆಷಾಢದಲ್ಲಿ, ಅವರ ತಿಥಿಗೆ. ನಿವೃತ್ತರಾಗಿ ಎರಡು ವರ್ಷವೂ ಆಗಿರಲಿಲ್ಲ. ಜ್ವರ ಎಂದು ಮಲಗಿದವರು ಏಳಲಿಲ್ಲ ಎಂದು ಅವರ ತಮ್ಮ ಹೇಳಿದರು. ಊಟವಾಗಿ ಬಂದವರೆಲ್ಲ ಹೊರಟ ಮೇಲೆ ಜಗುಲಿಯಲ್ಲಿ ಅವರ ತಂದೆಯ ಪಕ್ಕ ಕೂತೆ. ಒಳಗೆ ಮಕ್ಕಳು ಟಿವಿ ಹಾಕಿಕೊಂಡಿದ್ದವು, ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಎಂಬತ್ತು ದಾಟಿದ ಜೀವ, ಕಿವಿ ಮಂದ, ಬುದ್ಧಿ ಚುರುಕು.

"ಎಲ್ಲಾನೂ ಸರ್ಯಾಗೇ ಮಾಡುದ್ಲು ಮೇಷ್ಟ್ರೆ ನನ್ ಮಗ್ಳು" ಎಂದರು. "ಓದುದ್ಲು, ಕೆಲ್ಸ ತಕಂಡ್ಳು, ತಮ್ಮುನ್ನ ಓದುಸುದ್ಲು. ಅದೊಂದ್ ತೂಕ ಮಾತ್ರ ತಪ್ಪುದ್ಲು. ನಾನೇ ಯೋಳ್ಕೊಟ್ಟಿದ್ದೆ, ಕಣ್ಣಲ್ಲಿ ತೂಗ್ಬಾರ್ದು ಕಣವ್ವ ಅಂತ. ಯಂಗ್ ಮರ್ತ್ಲೋ. ಟೀ ಅಂಗ್ಡೀಲಿ ಈಗ್ಲೂ ಅಂತಾರೆ, ಏನಣ್ಣ, ನಿನ್ ಮಗಳ್ ಗ್ರಹ ಜಾಸ್ತಿ ತೂಗ್ಬುಡ್ತಂತಲ್ಲ ಅಂತ. ತಮಾಸೆಗೇ ಅಂತಾರೆ ಬುಡಿ. ಆದ್ರೂ ಟೀ ಅರ್ಧಕ್ಕೇ ಮಡಗಿ ಎದ್ ಬತ್ತೀನಿ."

ಅಯ್ಯೋ, ಮಗಳು ಅಪ್ಪನಿಗೂ ಹೇಳಿರಲಿಲ್ಲ! ಆ ಸನ್ಮಾನವಾದ ಮೇಲೆ ಏಳು ವರ್ಷ ಒಂದೇ ಸೂರಿನಡಿ ಇದ್ದೂ ನನ್ನ ಹೆಸರೆತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅವರು ತಪ್ಪಲಿಲ್ಲ ಯಜಮಾನ್ರೆ" ಎಂದೆ. "ತಪ್ಪು ನಂದು. ಅವರು ಸರಿಯಾಗೇ ಬರೆದುಕೊಟ್ಟಿದ್ರು. ಗಾತ್ರ ಗೊತ್ತು, ತೂಕ ಗೊತ್ತಿಲ್ಲ, ತೂಗೋವರೆಗೆ ಗ್ರಹ ಅನ್ನಬೇಡಿ ಅಂತ ಎರಡು ಸಾಲು ಇತ್ತು. ಆ ಎರಡು ಸಾಲನ್ನ ನಾನು ಹೊಡೆದುಹಾಕಿ ಪೇಪರಿಗೆ ಕೊಟ್ಟೆ. ಅವರು ನನ್ನ ಮಾನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು."

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಸಾಕು ಎಂದೂ ಅನಿಸಿತು.

"ಬರ್ದಿದ್ಲಾ?"

"ಬರೆದಿದ್ರು."

"ತೂಗಾಗಂಟ ಯೆಸ್ರು ಮಡಗ್ಬ್ಯಾಡಿ ಅಂತ ಬರ್ದಿದ್ಲಾ?"

"ಹೌದು. ಅವರ ಕೈಯಾರೆ."

ಹಿರಿಯರು ಗೋಡೆ ಹಿಡಿದುಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿ ಒಳಕ್ಕೆ ಕೂಗಿದರು. "ಲೇ, ಆ ಟಿವಿ ಆರ್ಸ್ರುಲಾ! ಬನ್ರವ್ವ ಎಲ್ರೂವೆ ಇಲ್ಲಿ. ಆ ಪಾತ್ರೆ ಆಮ್ಯಾಕೆ ತೊಳೀವ್ರಂತೆ, ಬನ್ನಿ." ಮಗ ಬಂದ, ಸೊಸೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು, ಮಕ್ಕಳು ಬಂದವು. ಪಕ್ಕದ ಮನೆಯ ಇಬ್ಬರು ಏನಾಯಿತೋ ಎಂದು ಎದ್ದು ಬಂದರು. ಅವರೆಲ್ಲ ನಿಂತ ಮೇಲೆ ಹಿರಿಯರು ನನ್ನ ಕಡೆ ತಿರುಗಿದರು.

"ಈಗ ಯೋಳಿ ಮೇಷ್ಟ್ರೆ, ಅವ್ಳು ಬರ್ದಿದ್ದುನ್ನ."

ನಾನು ಎದ್ದು ನಿಂತೆ. ಸದ್ಯಕ್ಕೆ ಇದರ ಗಾತ್ರ ಮಾತ್ರ ಗೊತ್ತಾಗಿದೆ, ತೂಕ ಗೊತ್ತಾಗಿಲ್ಲ. ತೂಗುವವರೆಗೆ ಇದನ್ನು ಗ್ರಹವೆಂದು ಯಾರೂ ಕರೆಯಬಾರದು. ಎರಡು ಸಾಲನ್ನೂ ಹೇಳಿದೆ, ಒಂದಕ್ಷರ ಬಿಡದೆ. ಹೊಡೆದುಹಾಕಿದ್ದು ನಾನು ಎಂದೂ ಹೇಳಿದೆ.

ಹಿರಿಯರು ಕಿವಿಯ ಹಿಂದೆ ಕೈ ಇಟ್ಟುಕೊಂಡು ಕೇಳಿಸಿಕೊಂಡಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಯೋಳಿ" ಎಂದರು. "ಜೋರಾಗ್ ಯೋಳಿ, ಟೀ ಅಂಗ್ಡಿಗೂ ಕೇಳ್ಲಿ."